ಮಂಗಟ್ಟೆ ಕಲ್ಲಿಗೆ ಬಾರದ ಕಥೆ

ಶೃಂಗೇರಿಯ ವಿದ್ಯಾಶಂಕರ ದೇವಾಲಯಕ್ಕೆ ಹೋದವರು ಸಾಮಾನ್ಯವಾಗಿ ಕಂಬಗಳ ಮುಂದೆ ನಿಲ್ಲುತ್ತಾರೆ. ಸಿಂಹದಂಥ ಮುಖದ ವ್ಯಾಳಿಯ ಬಾಯಲ್ಲಿ ಕಲ್ಲಿನ ಗುಂಡೊಂದಿದೆ. ಅದು ಬಾಯೊಳಗೇ ಉರುಳುತ್ತದೆ, ಹೊರಗೆ ಬರುವುದಿಲ್ಲ. ಮಕ್ಕಳಿಗೆ ಅದನ್ನು ಮುಟ್ಟುವ ಆಸೆ, ದೊಡ್ಡವರಿಗೆ ಮಕ್ಕಳ ಹೆಸರಿನಲ್ಲಿ ತಾವೂ ಮುಟ್ಟುವ ಆಸೆ. ಕತ್ತು ಎತ್ತಿ ಭುವನೇಶ್ವರಿಯನ್ನು, ಅಂದರೆ ಒಳಮಾಳಿಗೆಯ ಕೆತ್ತನೆಯನ್ನು, ನೋಡುವವರು ಕಡಿಮೆ. ನೋಡಿದರೆ ಅಲ್ಲಿ ಕಮಲವೊಂದು ತಲೆಕೆಳಗಾಗಿ ಅರಳಿದೆ, ಅದರ ಮೊಗ್ಗನ್ನು ಗಿಳಿಗಳು ಕುಕ್ಕುತ್ತಿವೆ. ಸುಮಾರು ಏಳು ಶತಮಾನಗಳಿಂದ ಕುಕ್ಕುತ್ತಲೇ ಇವೆ.

ಆ ಗಿಳಿಗಳನ್ನು ಮೊದಲ ಸಲ ಸರಿಯಾಗಿ ನೋಡಿದಾಗ ನನಗೆ ಖುಷಿಗಿಂತ ಹೆಚ್ಚಾಗಿ ಒಂದು ತಕರಾರು ಹುಟ್ಟಿತು. ಗಿಳಿ ಬಂತು ಸರಿ, ಮಂಗಟ್ಟೆ ಎಲ್ಲಿ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಕಾಡು ಕಂಡವರಿಗೆ ಈ ಪ್ರಶ್ನೆ ವಿಚಿತ್ರವೆನಿಸದು. ದೊಡ್ಡ ಮಂಗಟ್ಟೆ ತಲೆಯ ಮೇಲೆ ಹಾರಿಹೋದರೆ ಹಕ್ಕಿ ಕಾಣುವ ಮೊದಲೇ ರೆಕ್ಕೆಯ ಸದ್ದು ಕೇಳುತ್ತದೆ, ದೂರದಲ್ಲಿ ಯಾರೋ ತಿದಿ ಒತ್ತಿದ ಹಾಗೆ. ಬಾಗಿದ ಹಳದಿ ಕೊಕ್ಕು, ಅದರ ಮೇಲೊಂದು ಕಿರೀಟ. ಶಿಲ್ಪಿ ಕುಳಿತು ಕಲ್ಪಿಸಿದರೂ ಇಂಥ ಆಕಾರ ಹೊಳೆಯುವುದು ಕಷ್ಟ. ಸಾಲದ್ದಕ್ಕೆ ಅದು ತನಗೆ ತಾನೇ ಬಣ್ಣ ಬಳಿದುಕೊಳ್ಳುವ ಹಕ್ಕಿ. ಬಾಲದ ಬುಡದ ಗ್ರಂಥಿಯಿಂದ ಒಸರುವ ಹಳದಿ ಎಣ್ಣೆಯನ್ನು ಕೊಕ್ಕಿಗೂ ಕತ್ತಿಗೂ ರೆಕ್ಕೆಯ ಬಿಳಿ ಪಟ್ಟೆಗೂ ಸವರಿಕೊಳ್ಳುತ್ತದೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ತಾನೇ ಮುಚ್ಚಿಕೊಂಡು, ಒಂದು ಸೀಳನ್ನಷ್ಟೇ ಉಳಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಪತಿವ್ರತೆಯರ ಕಥೆಗಳಿಗೆ ಬರವಿಲ್ಲದ ದೇಶದಲ್ಲಿ ಇಂಥ ಗಂಡನ ಕಥೆಯನ್ನು ಯಾವ ಪುರಾಣವೂ ಎತ್ತಿಕೊಳ್ಳಲಿಲ್ಲ. ಈ ಸೀಮೆಯ ಗುಡಿಗಳ ಗೋಡೆಗಳಲ್ಲಿ ಇಷ್ಟು ವರ್ಷ ಹುಡುಕಿಯೂ ಒಂದು ಮಂಗಟ್ಟೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಯಾಕೆ ಎಂಬುದಕ್ಕೆ ಉತ್ತರ ಶೃಂಗೇರಿಯ ಆ ಗುಡಿಯಲ್ಲೇ ಇದೆ.

ವಿದ್ಯಾಶಂಕರ ದೇವಾಲಯ ಎದ್ದದ್ದು 14ನೆಯ ಶತಮಾನದಲ್ಲಿ. ಮಠದ ಗುರುಗಳಾದ ವಿದ್ಯಾತೀರ್ಥರ ನೆನಪಿಗೆ 1338ರಲ್ಲಿ ಕಟ್ಟಿದ್ದೆಂದು ಪರಂಪರೆ ಹೇಳುತ್ತದೆ. ಕೆಲವು ವಿದ್ವಾಂಸರು ಒಂದೆರಡು ದಶಕ ಈಚೆಗೆ ತರುತ್ತಾರೆ. ಆ ದಶಕಗಳೇ ಅಂಥವು. ಹೊಯ್ಸಳರ ದೀಪ ಆರುತ್ತಿತ್ತು, ತುಂಗಭದ್ರೆಯ ದಡದಲ್ಲಿ ವಿಜಯನಗರ ಕಣ್ಣು ಬಿಡುತ್ತಿತ್ತು. 1346ರಲ್ಲಿ ಹರಿಹರ ಮತ್ತು ಅವನ ತಮ್ಮಂದಿರು ಶೃಂಗೇರಿಗೇ ಬಂದು ವಿಜಯೋತ್ಸವ ಆಚರಿಸಿ, ಮಠದ ಭಾರತೀತೀರ್ಥರಿಗೂ ಶಿಷ್ಯರಿಗೂ ಭೂಮಿ ಬಿಟ್ಟ ಶಾಸನವಿದೆ. ಗುಡಿಯ ಮೈಯಲ್ಲೂ ಎರಡು ಕಾಲಗಳು ಬೆರೆತಿವೆ. ಪಟ್ಟಿಕೆ ಪಟ್ಟಿಕೆಯಾಗಿ ಮೇಲೇರುವ ಹೊಯ್ಸಳರ ಅಭ್ಯಾಸ ಒಂದು ಕಡೆ, ಕಂಬಕ್ಕೆ ಆತು ನಿಂತ ವ್ಯಾಳಿಗಳ ದ್ರಾವಿಡ ಗತ್ತು ಇನ್ನೊಂದು ಕಡೆ.

ಈ ಗುಡಿಯನ್ನು ಪ್ರಾಣಿಗಳ ಭಾಷೆಯಲ್ಲೇ ಓದಬಹುದು. ಅದರ ತಳವಿನ್ಯಾಸದ ತುದಿಗಳು ದುಂಡಗೆ ಬಾಗಿವೆ. ಹಿಂಬದಿ ಹೀಗೆ ದುಂಡಗಿರುವ ಗುಡಿಗೆ ಶಿಲ್ಪಶಾಸ್ತ್ರ ಇಟ್ಟ ಹೆಸರು ಗಜಪೃಷ್ಠ, ಆನೆಯ ಬೆನ್ನು. ಗೋಡೆಯ ಮೇಲೆ ಬಾಗಿ ಇಳಿಯುವ ಚಜ್ಜಕ್ಕೆ ಶಿಲ್ಪಿಗಳ ಮಾತಿನಲ್ಲಿ ಕಪೋತ, ಪಾರಿವಾಳ. ಒಳಗೆ ಹನ್ನೆರಡು ರಾಶಿ ಕಂಬಗಳು: ಟಗರು, ಗೂಳಿ, ಏಡಿ, ಸಿಂಹ, ಚೇಳು, ಮಕರ, ಮೀನು. ಯಾವ ಸೌರಮಾಸವೋ ಆ ರಾಶಿಯ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆಂದು ಹೇಳುತ್ತಾರೆ. ಕಟಕ, ಸಿಂಹ ಮಾಸಗಳಲ್ಲಿ ಅದನ್ನು ಪರೀಕ್ಷಿಸಲು ಹೋಗಬೇಡಿ. ಆಷಾಢ ಶ್ರಾವಣದ ಮಳೆಯಲ್ಲಿ ಶೃಂಗೇರಿಗೆ ಸೂರ್ಯ ಬರುವುದೇ ಅಪರೂಪ. ಆ ಕಾಲದಲ್ಲಿ ಏಡಿ ನೋಡಬೇಕಾದವರು ಕಂಬ ಬಿಟ್ಟು ಗದ್ದೆಯ ಬದುವಿಗೆ ಹೋಗುವುದು ವಾಸಿ.

ಆ ಹನ್ನೆರಡರಲ್ಲಿ ಏಡಿ, ಚೇಳು, ಮೀನುಗಳನ್ನು ಕೆತ್ತಿದವನು ಕಂಡೇ ಕೆತ್ತಿರಬೇಕು. ಸಿಂಹವನ್ನು ಮಾತ್ರ ಅವನು ಕಂಡಿರಲಾರ, ಅವನ ಗುರುವೂ ಕಂಡಿರಲಾರ. ಮಲೆನಾಡಿನ ಕಾಡು ಹುಲಿಯದು. ಆದರೂ ಕಂಬ ಕಂಬಕ್ಕೂ ಸಿಂಹ. ಈ ಗೊಂದಲ ಹಳೆಯದೇ. ಹೊಯ್ಸಳರ ಮೂಲವೆನ್ನುವ ಅಂಗಡಿ, ಅಂದರೆ ಹಳೆಯ ಸೊಸೆವೂರು, ಇಲ್ಲಿಂದ ದೂರವಲ್ಲ, ಮೂಡಿಗೆರೆ ತಾಲ್ಲೂಕಿನಲ್ಲಿದೆ. ಅಲ್ಲಿ ಸಳ ಹುಲಿಯನ್ನು ಹೊಡೆದನೆಂದು ಕಥೆ. ಅದೇ ಕಥೆ ಗುಡಿಯ ಮೇಲೆ ಲಾಂಛನವಾಗಿ ಕೂತಾಗ ಹುಲಿಗೆ ಕೇಸರ ಬೆಳೆದು ಅದು ಸಿಂಹಕ್ಕೆ ಹತ್ತಿರವಾಯಿತು. ಹಿತ್ತಿಲಲ್ಲಿ ಹುಲಿ ಓಡಾಡುತ್ತಿದ್ದರೂ ಉಳಿಗೆ ಅಭ್ಯಾಸವಿದ್ದದ್ದು ಸಿಂಹ.

ಶಿಲ್ಪಿ ಕಾಡು ನೋಡಿ ಕೆತ್ತುತ್ತಿರಲಿಲ್ಲ, ದೇವರ ರೂಪ ಬಣ್ಣಿಸುವ ಧ್ಯಾನಶ್ಲೋಕ ಕೇಳಿ ಕೆತ್ತುತ್ತಿದ್ದ. ಹಕ್ಕಿಯೋ ಮೃಗವೋ ಗೋಡೆಗೆ ಬರಬೇಕಾದರೆ ಅದಕ್ಕೊಂದು ರಹದಾರಿ ಬೇಕಿತ್ತು. ದೇವರ ವಾಹನವಾಗಿರಬೇಕು, ಪುರಾಣದಲ್ಲಿ ಪಾತ್ರವಿರಬೇಕು, ಇಲ್ಲವೇ ಕವಿಗಳು ಸಾವಿರ ವರ್ಷದಿಂದ ಹಾಡಿರಬೇಕು. ಹಂಸಕ್ಕೆ ಮೂರೂ ಇದ್ದವು, ಹಾಗಾಗಿ ಹೊಯ್ಸಳರ ಗುಡಿಗಳ ಜಗತಿಯಲ್ಲಿ ಹಂಸಗಳು ಸಾಲುಗಟ್ಟಿ ನಡೆದವು. ಅವುಗಳ ಬಾಲ ಬಳ್ಳಿಯಾಗಿ ಸುರುಳಿ ಸುತ್ತುತ್ತದೆ. ಯಾವ ಕೆರೆಯಲ್ಲಿಯೂ ಅಂಥ ಹಕ್ಕಿ ಇಳಿದಿಲ್ಲ. ಮಕರವಂತೂ ಒಂದು ಸಮಿತಿ ಸೇರಿ ಮಾಡಿದ ಪ್ರಾಣಿ: ಆನೆಯ ಸೊಂಡಿಲು, ಮೊಸಳೆಯ ದವಡೆ, ನವಿಲಿನ ಬಾಲ.

ಹಾಗೆಂದು ಶಿಲ್ಪಿಗೆ ಕಣ್ಣಿರಲಿಲ್ಲ ಎಂದರೆ ಅನ್ಯಾಯವಾದೀತು. ಬೇಲೂರಿನ ಒಂದು ಮದನಿಕೆಯ ತಲೆಯ ಮೇಲಿನ ಬಳ್ಳಿ ಮಂಟಪದಲ್ಲಿ ಹಲಸಿನ ಹಣ್ಣಿದೆ, ಹಣ್ಣಿನ ಮೇಲೆ ನೊಣ ಕೂತಿದೆ, ನೊಣದ ಮೇಲೆ ಎರಗಲು ಹಲ್ಲಿ ಹೊಂಚು ಹಾಕಿದೆ. ಇದನ್ನು ಯಾವ ಶಾಸ್ತ್ರವೂ ಹೇಳಿಕೊಟ್ಟದ್ದಲ್ಲ. ಹಲಸು ಕೊಯ್ದ ಮನೆಯ ಜಗಲಿಯಲ್ಲಿ ಕೂತು ನೋಡಿದ್ದು. ಶಾಸ್ತ್ರದ ಕಣ್ಣು ತಪ್ಪಿಸಿ, ಯಜಮಾನನ ಕೈಗೆಟುಕದ ಮೂಲೆಯಲ್ಲಿ, ಶಿಲ್ಪಿ ತಾನು ಕಂಡದ್ದನ್ನು ತುರುಕಿಬಿಟ್ಟಿದ್ದಾನೆ.

ಗಿಳಿಗೆ ರಹದಾರಿ ಸಿಕ್ಕಿದ್ದು ಹೇಗೆಂಬುದು ಶೃಂಗೇರಿಯಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಪಕ್ಕದ ಗುಡಿಯ ಶಾರದಾಂಬೆಯ ಕೈಯಲ್ಲೇ ಗಿಳಿ ಕೂತಿದೆ. ನವರಾತ್ರಿಯಲ್ಲಿ ಅಮ್ಮನವರಿಗೆ ದಿನಕ್ಕೊಂದು ಅಲಂಕಾರವಾಗುವಾಗ ವಾಹನಗಳೂ ಸರದಿಯಲ್ಲಿ ಬರುತ್ತವೆ. ಬ್ರಾಹ್ಮಿಗೆ ಹಂಸ, ಮಾಹೇಶ್ವರಿಗೆ ವೃಷಭ, ಕೌಮಾರಿಗೆ ನವಿಲು, ವೈಷ್ಣವಿಗೆ ಗರುಡ. ಗಿಳಿ ಮಾತ್ರ ಸರದಿಗೆ ಕಾಯುವ ವಾಹನವಲ್ಲ, ಅದು ಕೈಯಲ್ಲಿರುವ ಸಖಿ. ದೇವಿಯ ಕೈಯಿಂದ ಅದು ನಮ್ಮ ಮನೆಗಳಿಗೂ ಹಾರಿ ಬಂತು. ಗೋಡೆಗೆ ಬಟ್ಟೆ ನೇತುಹಾಕಲು ಬಡಿದ ಮರದ ಗೂಟಕ್ಕೆ ಬಡಗಿ ಗಿಳಿಯ ಆಕಾರ ಕೊಟ್ಟ, ಹೆಸರೇ ಗಿಣಿಗೂಟ ಎಂದಾಯಿತು. ಗದ್ದೆಯಲ್ಲಿ ಇದೇ ಗಿಳಿಗೆ ಬೇರೆ ಮರ್ಯಾದೆ. ಭತ್ತ ಹಾಲು ಕಟ್ಟುವ ಹೊತ್ತಿಗೆ ಹಿಂಡುಹಿಂಡಾಗಿ ಇಳಿಯುವ ಗಿಳಿಗಳಿಗೆ ಡಬ್ಬಿ ಬಡಿದು ಬೈದವರೇ ಸಂಜೆ ಗುಡಿಗೆ ಹೋಗಿ ಅಮ್ಮನ ಕೈಯ ಗಿಳಿಗೆ ಕೈಮುಗಿಯುತ್ತಾರೆ. ಭುವನೇಶ್ವರಿಯ ಗಿಳಿಗಳನ್ನು ಕೆತ್ತಿದವನು ಭತ್ತದ ತೆನೆಯ ಮೇಲೆ ಜೋತಾಡುವ ಗಿಳಿಯನ್ನು ನೋಡಿದ್ದನೆಂದೇ ನನ್ನ ಅನುಮಾನ. ಕೊಕ್ಕು ಮೊಗ್ಗಿಗೆ ತಾಗಿದ ರೀತಿಯಲ್ಲಿ ಹಸಿವಿದೆ.

ಈ ಊರಿನ ಹೆಸರೇ ಒಂದು ಮೃಗದ ಅಂಗದಿಂದ ಬಂದದ್ದು. ವಿಭಾಂಡಕ ಮುನಿಗೂ ಜಿಂಕೆಗೂ ಹುಟ್ಟಿ, ತಲೆಯಲ್ಲಿ ಕೊಂಬು ಹೊತ್ತ ಋಷ್ಯಶೃಂಗನ ಬೆಟ್ಟ ಶೃಂಗಗಿರಿ. ಆತ ಕಾಲಿಟ್ಟಲ್ಲಿ ಮಳೆ ಎಂದು ಕಥೆ. ಹತ್ತಿರದ ಕಿಗ್ಗದಲ್ಲಿ ಅವನ ಹೆಸರಿನ ಗುಡಿಯಿದೆ, ಮಳೆ ಬಾರದಿದ್ದರೂ ಅತಿಯಾದರೂ ಜನ ಅಲ್ಲಿಗೆ ಹೋಗುತ್ತಾರೆ. ಇನ್ನು ತುಂಗೆಯ ಮೆಟ್ಟಿಲ ಬಳಿ ಕಪ್ಪೆ ಶಂಕರ. ಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಕೊಟ್ಟದ್ದನ್ನು ಶಂಕರಾಚಾರ್ಯರು ಕಂಡು, ಪೀಠಕ್ಕೆ ಇದೇ ಜಾಗವೆಂದು ನಿಂತರಂತೆ. ದೊಡ್ಡ ಗುಡಿಯ ಶಿಲ್ಪವೈಭವದ ಮುಂದೆ ಕಪ್ಪೆ ಶಂಕರ ಏನೂ ಅಲ್ಲ, ಸಣ್ಣದೊಂದು ಕೆತ್ತನೆ. ಆದರೆ ವರ್ಷಕ್ಕೆ ನಾಲ್ಕು ತಿಂಗಳು ರಾತ್ರಿಯಿಡೀ ಕಪ್ಪೆಗಳ ವಟಗುಟ್ಟುವಿಕೆಯಲ್ಲೇ ನಿದ್ದೆ ಮಾಡುವ ಸೀಮೆ ಇದು. ಇಲ್ಲಿ ಕಪ್ಪೆಗೊಂದು ಸ್ಥಾನ ಸಿಕ್ಕಿದ್ದು ನನಗೆ ಹಂಸಗಳ ಸಾಲಿಗಿಂತ ಹೆಚ್ಚು ಆಪ್ತ. ನದಿಯ ಮೀನುಗಳೂ ಹಾಗೆಯೇ, ಮೀನ ರಾಶಿಯ ಕಂಬದಿಂದ ಇಳಿದು ಬಂದಂತೆ ಮೆಟ್ಟಿಲಿಗೆ ಮೈ ತಾಗಿಸಿ ಮಂಡಕ್ಕಿಗೆ ಕಾಯುತ್ತವೆ. ಅಲ್ಲಿ ಗಾಳ ಹಾಕುವಂತಿಲ್ಲ.

ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯಲ್ಲಿ ಪ್ರಾಣಿಗೆ ಬೇರೊಂದು ಕೆಲಸವಿದೆ. ಅಲ್ಲಿಯ ಜ್ವಾಲಾಮಾಲಿನಿ ಎಂಟನೆಯ ತೀರ್ಥಂಕರ ಚಂದ್ರಪ್ರಭನ ಯಕ್ಷಿ, ಅವಳ ವಾಹನ ಕೋಣ. ಇವಳ ಆರಾಧನೆ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಇಂದ್ರನಂದಿ ಇವಳ ಕಲ್ಪಗ್ರಂಥವನ್ನು 939ರಲ್ಲಿ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಮುಗಿಸಿದ. ಯಕ್ಷಿಯರಿಗೆ ಒಬ್ಬೊಬ್ಬರಿಗೆ ಒಂದೊಂದು ರೂಪವಿದೆ, ತೀರ್ಥಂಕರರಿಗೆ ಇಲ್ಲ. ಹೆಚ್ಚುಕಡಿಮೆ ಇಪ್ಪತ್ನಾಲ್ವರೂ ಅದೇ ಧ್ಯಾನ, ಅದೇ ನಿಲುವು, ಅದೇ ಮೌನ. ಯಾರು ಯಾರೆಂದು ತಿಳಿಯಲು ಪೀಠ ನೋಡಬೇಕು. ಎತ್ತಿದ್ದರೆ ಆದಿನಾಥ, ಆನೆಯಿದ್ದರೆ ಅಜಿತ, ಕೋತಿಯಿದ್ದರೆ ಅಭಿನಂದನ, ಜಿಂಕೆಯಿದ್ದರೆ ಶಾಂತಿನಾಥ, ಆಮೆಯಿದ್ದರೆ ಮುನಿಸುವ್ರತ, ಹಾವಿದ್ದರೆ ಪಾರ್ಶ್ವ, ಸಿಂಹವಿದ್ದರೆ ಮಹಾವೀರ. ದಿಗಂಬರ ಸಂಪ್ರದಾಯದ ಇಪ್ಪತ್ನಾಲ್ಕು ಲಾಂಛನಗಳಲ್ಲಿ ಹದಿನಾರು ಪ್ರಾಣಿಪಕ್ಷಿಗಳೇ. ಕರಡಿಯೂ ಇದೆ, ಹಂದಿಯೂ ಇದೆ, ಮಲೆನಾಡಿನವರು ಯಾರೂ ಕಾಣದ ಖಡ್ಗಮೃಗವೂ ಇದೆ. ಗುರುವಿನ ಮುಖಕ್ಕಿಂತ ಅವನ ಕಾಲಬುಡದ ಮೃಗವೇ ಗುರುತಾಗುವುದು ಅಹಿಂಸೆಯ ಧರ್ಮಕ್ಕೆ ಒಪ್ಪುವ ಚಮತ್ಕಾರ.

ಗುಡಿ ಬಸದಿಗಳ ಆಚೆ ಕಥೆಯೇ ಬೇರೆ. ಹುಲಿಯೊಡನೆ ಸೆಣಸಿ ಸತ್ತವನಿಗೆ ಊರವರು ನೆಟ್ಟ ವೀರಗಲ್ಲಿನಲ್ಲಿ ಹುಲಿ ಹುಲಿಯಾಗಿಯೇ ಬರುತ್ತದೆ. ಆ ಕೆತ್ತನೆ ಒರಟು, ಅಳತೆ ತಪ್ಪಿದ್ದು. ಆದರೆ ಸತ್ತವನ ಹೆಂಡತಿ ಮಕ್ಕಳು ನೋಡುವ ಕಲ್ಲಿನಲ್ಲಿ ಕೇಸರ ಬೆಳೆಸುವ ಧೈರ್ಯ ಯಾರಿಗಿದೆ? ಈ ಬಗೆಯ ಕಲ್ಲುಗಳಲ್ಲಿ ಹೆಸರಾದದ್ದು ಮಂಡ್ಯ ಸೀಮೆಯ ಆತಕೂರಿನದು, 949ರ ಸುಮಾರಿನದು. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಮೆಚ್ಚುಗೆಯಾಗಿ ಕೊಟ್ಟ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ಆ ನಾಯಿಗೆ ಕಲ್ಲು ನೆಟ್ಟರು, ಶಾಸನ ಬರೆಸಿದರು, ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲೆ ನಾಯಿ ಹಂದಿ ಮುಖಾಮುಖಿಯಾಗಿವೆ. ಹಂದಿಗೆ ಘಟ್ಟದ ಕೆಳಗೂ ಮೇಲೂ ಇನ್ನೊಂದು ಗೌರವವಿದೆ, ಪಂಜುರ್ಲಿ. ಬೆಳೆ ತಿನ್ನುವ ಹಂದಿಯನ್ನೇ ಬೆಳೆ ಕಾಯುವ ದೈವ ಮಾಡಿ, ಅದರ ಮುಖವಾಡವನ್ನು ಎರಕ ಹೊಯ್ದವರ ಲೆಕ್ಕಾಚಾರ ರೈತನದು.

ಮಂಗಟ್ಟೆ ಯಾರ ಬೆಳೆಯನ್ನೂ ತಿನ್ನಲಿಲ್ಲ, ಯಾರನ್ನೂ ಕೊಲ್ಲಲಿಲ್ಲ. ಕಾಡಿನ ಅತ್ತಿ, ಆಲದ ಹಣ್ಣು ತಿಂದುಕೊಂಡು ತನ್ನ ಪಾಡಿಗೆ ತಾನಿತ್ತು. ಭಯವನ್ನೂ ಹುಟ್ಟಿಸದೆ, ದೇವರ ಸೇವೆಯನ್ನೂ ಮಾಡದೆ ಇದ್ದರೆ ಕಲ್ಲಿನಲ್ಲಿ ಜಾಗ ಸಿಗುವುದು ಕಷ್ಟ.

ಅದಕ್ಕೆ ಮೊದಲ ದೊಡ್ಡ ಗೌರವ ಸಿಕ್ಕಿದ್ದು ಇಲ್ಲಿಂದ ಬಲು ದೂರದಲ್ಲಿ, ಕಾಗದದ ಮೇಲೆ. ಮೊಗಲ್ ದೊರೆ ಜಹಾಂಗೀರನಿಗೆ ಮೃಗಪಕ್ಷಿಗಳ ಹುಚ್ಚು. ಹೊಸ ಪ್ರಾಣಿ ಬಂದರೆ ಬಣ್ಣಿಸಿ ಬರೆಯುತ್ತಿದ್ದ, ಬರೆದದ್ದು ಸಾಲದೆಂದು ಚಿತ್ರ ಬರೆಸುತ್ತಿದ್ದ. 1612ರಲ್ಲಿ ಗೋವೆಯ ಕಡೆಯಿಂದ ಬಂದ ಟರ್ಕಿ ಕೋಳಿ ಹಾಗೆ ಚಿತ್ರವಾಯಿತು. 1621ರಲ್ಲಿ ಜೀಬ್ರಾ ಬಂದಾಗ, ಯಾರೋ ಕುದುರೆಗೆ ಪಟ್ಟೆ ಬಳಿದು ತಂದಿದ್ದಾರೆಂಬ ಅನುಮಾನದಿಂದ ಅದರ ಮೈ ಪರೀಕ್ಷಿಸಿದ್ದೂ ಅವನ ಆಸ್ಥಾನದಲ್ಲೇ. ಇವುಗಳನ್ನು ಬರೆದ ಉಸ್ತಾದ್ ಮನ್ಸೂರ್ ಸುಮಾರು 1615–20ರ ನಡುವೆ ಒಂದು ದೊಡ್ಡ ಮಂಗಟ್ಟೆಯನ್ನೂ ಬರೆದ. ಷಹಜಹಾನನ ಚಿತ್ರಸಂಪುಟ ಸೇರಿದ್ದ ಆ ಹಾಳೆ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಮನ್ಸೂರನಿಗೆ ಧ್ಯಾನಶ್ಲೋಕವಿರಲಿಲ್ಲ, ಹಕ್ಕಿಯನ್ನು ನೋಡಿ ಬರೆಯುವುದಷ್ಟೇ ಅಪ್ಪಣೆ.

ಅದೇ ವರ್ಷಗಳಲ್ಲಿ ನಮ್ಮ ಮಲೆನಾಡನ್ನು ಆಳುತ್ತಿದ್ದವನು ಕೆಳದಿಯ ವೆಂಕಟಪ್ಪ ನಾಯಕ. ಕೆಳದಿಯ ರಾಮೇಶ್ವರ ಗುಡಿಯಲ್ಲಿ ಗಂಡಭೇರುಂಡದ ಕೆತ್ತನೆಯಿದೆ. ಎರಡು ತಲೆಯ ಆ ಹಕ್ಕಿಯ ವಂಶಾವಳಿ ದೊಡ್ಡದು. ಬಳ್ಳಿಗಾವಿಯಲ್ಲಿ 1047ರಲ್ಲಿ ಚಾಮುಂಡರಾಯರಸ ಅದಕ್ಕಾಗಿಯೇ ಒಂದು ಕಂಬ ನಿಲ್ಲಿಸಿದ್ದ. ಮುಂದೆ ಅದು ಮೈಸೂರು ಅರಸರ ಲಾಂಛನವಾಯಿತು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಲ್ಲಿ ಹಳೆಯ ಎಡೇಹಳ್ಳಿ ನರಸಿಂಹರಾಜಪುರವಾದಾಗ ಇಲ್ಲಿಯ ಕಾಗದಪತ್ರಗಳನ್ನು ಆಳುತ್ತಿದ್ದುದೂ ಅದೇ ಹಕ್ಕಿ. ಇವತ್ತಿಗೂ ಕೊಪ್ಪದ ನಿಲ್ದಾಣಕ್ಕೆ ಬರುವ ಸರ್ಕಾರಿ ಕೆಂಪು ಬಸ್ಸಿನ ಪಕ್ಕೆಯ ಮೇಲೆ ಅದು ಕೂತೇ ಬರುತ್ತದೆ. ಭೂಮಿಯ ಮೇಲೆ ಇಲ್ಲದ ಹಕ್ಕಿಗೆ ದಿನಕ್ಕೆ ಇಷ್ಟು ಟ್ರಿಪ್ಪು.

ಹುಲಿಯ ಲಾಂಛನದವನೊಬ್ಬನ ನಂಟೂ ಶೃಂಗೇರಿಗಿದೆ. ಟಿಪ್ಪು ಸುಲ್ತಾನನಿಗೆ ಹುಲಿ ಬರೀ ಗುರುತಲ್ಲ, ಗೀಳು. ಸೈನಿಕರ ಅಂಗಿಯಲ್ಲಿ, ಫಿರಂಗಿಯ ಬಾಯಲ್ಲಿ, ಸಿಂಹಾಸನದಲ್ಲಿ ಹುಲಿ. ಬಿಳಿಯ ಸೋಲ್ಜರನ ಮೇಲೆ ಎರಗಿ ಗುರುಗುಟ್ಟುವ ಮರದ ಯಂತ್ರಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಮನ್ಸೂರನ ಜೀಬ್ರಾ ಇರುವುದೂ ಅಲ್ಲೇ. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿಯನ್ನು ಕೊಳ್ಳೆ ಹೊಡೆದು ಶಾರದೆಯ ಮೂರ್ತಿಯನ್ನು ಸ್ಥಾನಪಲ್ಲಟ ಮಾಡಿದಾಗ, ಮರುಪ್ರತಿಷ್ಠೆಗೆ ನೆರವು ಕಳಿಸಿದವನು ಈ ಹುಲಿಪಟ್ಟೆಯ ಸುಲ್ತಾನ. ಅವನು ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು ಮಠದಲ್ಲಿದ್ದವು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಗಿಳಿ ಹಿಡಿದ ದೇವಿಗೆ ಹುಲಿ ಹಿಡಿದ ದೊರೆ ಕಳಿಸಿದ ಕಾಣಿಕೆ ಎಂದು ಅದನ್ನು ನೆನಪಿಟ್ಟುಕೊಂಡಿದ್ದೇನೆ.

19ನೆಯ ಶತಮಾನದಲ್ಲಿ ಏಷ್ಯಾದ ಹಕ್ಕಿಗಳೆಲ್ಲ ಪುಸ್ತಕಕ್ಕೆ ಹಾರತೊಡಗಿದವು. ಮದ್ರಾಸ್ ಸೇನೆಯ ವೈದ್ಯ ಜೆರ್ಡನ್ 1843ರಿಂದ 47ರವರೆಗೆ ಐವತ್ತು ಚಿತ್ರಪಟಗಳ ಸಂಪುಟ ತಂದ. ಅದರ ಹೆಚ್ಚಿನ ಚಿತ್ರ ಬರೆದವರು ಇಲ್ಲಿಯ ಕಲಾವಿದರೇ. ಜಾನ್ ಗೌಲ್ಡ್ ಎಂಬ ಲಂಡನ್ನಿನ ಸಾಹಸಿ 1850ರಲ್ಲಿ ಶುರುಮಾಡಿದ 'ಬರ್ಡ್ಸ್ ಆಫ್ ಏಷ್ಯಾ' ಏಳು ಸಂಪುಟಗಳಾಗಿ, 530 ಚಿತ್ರಪಟಗಳಾಗಿ 1883ಕ್ಕೆ ಮುಗಿಯಿತು. ಅಷ್ಟರಲ್ಲಿ ಗೌಲ್ಡ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಭಾರತಕ್ಕೆ ಒಮ್ಮೆಯೂ ಬಂದವನಲ್ಲ. ಹಡಗಿನಲ್ಲಿ ಬಂದ ಒಣ ತೊಗಲುಗಳನ್ನು ಮೇಜಿನ ಮೇಲೆ ಹರಡಿಕೊಂಡು, ಅವಕ್ಕೊಂದು ಕೊಂಬೆ, ಕೊಂಬೆಗೊಂದು ಹೂವು ಸೇರಿಸಿ ಬರೆಸುತ್ತಿದ್ದ. ತೊಗಲಿನಲ್ಲಿ ಕೊಕ್ಕಿನ, ಕಾಲಿನ, ಕಣ್ಣಿನ ಬಣ್ಣ ಮಾಸಿಹೋಗಿರುತ್ತದೆ, ಅದನ್ನು ಕಂಡವರು ಬರೆದು ಕಳಿಸಿದ ಟಿಪ್ಪಣಿ ಓದಿ ತುಂಬಬೇಕು. ಸಿಂಹ ಕಾಣದ ಶೃಂಗೇರಿಯ ಶಿಲ್ಪಿಯ ಪಾಡೂ ಇದೇ ಆಗಿತ್ತಲ್ಲ. ಅವನ ಕೈಯಲ್ಲಿ ಶ್ಲೋಕ, ಇವನ ಕೈಯಲ್ಲಿ ಟಿಪ್ಪಣಿ.

ಆ ಪುಸ್ತಕಗಳ ಚಿತ್ರಗಳನ್ನು ಮುದ್ರಿಸಿದ್ದು ಕಲ್ಲಚ್ಚಿನಲ್ಲಿ. ನುಣ್ಣನೆಯ ಸುಣ್ಣಗಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ನೀರು ಸವರಿ, ಮಸಿ ಹಚ್ಚುವುದು. ಜಿಡ್ಡಿದ್ದಲ್ಲಿ ಮಸಿ ಹಿಡಿಯುತ್ತದೆ, ಒದ್ದೆಯಿದ್ದಲ್ಲಿ ಹಿಡಿಯದು. ಅಚ್ಚಾದ ಒಂದೊಂದು ಹಾಳೆಗೂ ಆಮೇಲೆ ಕೈಯಿಂದ ಬಣ್ಣ. 1877ರಿಂದ 1882ರವರೆಗೆ ಡೇನಿಯಲ್ ಎಲಿಯಟ್ ಎಂಬ ಅಮೆರಿಕನ್ ಮಂಗಟ್ಟೆಗಳ ಕುಲದ ಮೇಲೆಯೇ ಒಂದು ಗ್ರಂಥವನ್ನು ಕಂತುಕಂತಾಗಿ ಹೊರತಂದ, ಚಿತ್ರಗಳು ಡಚ್ ಕಲಾವಿದ ಕೂಲೆಮನ್ಸನವು. ಅಂತೂ ಮಂಗಟ್ಟೆ ಕಲ್ಲಿಗೆ ಬಂತು. ಶೃಂಗೇರಿಯ ಕಲ್ಲಿಗಲ್ಲ, ಅಚ್ಚಿನ ಕಲ್ಲಿಗೆ. ಒಂದು ಚಿತ್ರದ ಪ್ರತಿಗಳು ಮುಗಿದ ಮೇಲೆ ಆ ಕಲ್ಲನ್ನು ಉಜ್ಜಿ ತೊಳೆದು ಇನ್ನೊಂದು ಚಿತ್ರಕ್ಕೆ ಬಳಸುವುದು ಆ ಕಸುಬಿನ ರೂಢಿ.

ನಮ್ಮ ಕಡೆ ಕಾಡಿನ ಹಕ್ಕಿಗಳನ್ನು ಒಳಗೆ ಕರೆದದ್ದು ಉಳಿಯೂ ಅಲ್ಲ, ಕುಂಚವೂ ಅಲ್ಲ, ಮಾತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಕುವೆಂಪು ಅವರ ತಾಯಿಯ ತವರು. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ಅಲ್ಲಿ. ತೀರ್ಥಹಳ್ಳಿಯ ಕುಪ್ಪಳಿ ಖ್ಯಾತಿಯನ್ನೆಲ್ಲ ಎತ್ತಿಕೊಂಡಿತೆಂಬ ಸಣ್ಣ ಅಸಮಾಧಾನ ಕೊಪ್ಪದವರಿಗೆ ಇದ್ದರೆ ಅದು ತಪ್ಪಲ್ಲ. ಹಳಗನ್ನಡ ಕಾವ್ಯಗಳ ಬನಗಳಲ್ಲಿ ಕೋಗಿಲೆ, ಗಿಳಿ, ಹಂಸ, ಚಕೋರಗಳು ಸರದಿಯಂತೆ ಹಾಜರಿ ಹಾಕುತ್ತಿದ್ದವು. ಕವಿ ಕಿಟಕಿ ತೆರೆಯದೆಯೂ ಬನ ಬಣ್ಣಿಸಬಹುದಿತ್ತು. ಕುವೆಂಪು ಬಂದ ಮೇಲೆ ಕಾಜಾಣ, ಕಾಮಳ್ಳಿ, ಪಿಕಳಾರ, ಮಡಿವಾಳ ಹಕ್ಕಿಗಳು ಕನ್ನಡ ಪದ್ಯಕ್ಕೂ ಗದ್ಯಕ್ಕೂ ಹೆಸರು ಹೇಳಿಕೊಂಡು ನುಗ್ಗಿದವು. ರಹದಾರಿ ಕೇಳುವವರು ಯಾರೂ ಇರಲಿಲ್ಲ. 'ಮಲೆನಾಡಿನ ಚಿತ್ರಗಳು' ಎಂದು 1933ರ ಪುಸ್ತಕಕ್ಕೆ ಹೆಸರಿಡುವಾಗ ಅವರಿಗೆ ತಾವು ಮಾಡುತ್ತಿದ್ದುದು ಚಿತ್ರಕಲೆಯೆಂಬ ಅರಿವಿತ್ತು. ಒಂದು ಮಾತು ಹೇಳಲೇಬೇಕು. ಅವರ ಹಕ್ಕಿ ಬಹಳ ಹೊತ್ತು ಹಕ್ಕಿಯಾಗಿ ಕೂರುವುದಿಲ್ಲ, ಬೇಗ ಆಕಾಶಕ್ಕೋ ಅನಂತಕ್ಕೋ ಏರಿಬಿಡುತ್ತದೆ. 1946ರ ಕವನಸಂಕಲನಕ್ಕೆ ಅವರಿಟ್ಟ ಹೆಸರು 'ಪಕ್ಷಿಕಾಶಿ'. ಹಕ್ಕಿಗೆ ಮತ್ತೆ ಒಂದು ಕ್ಷೇತ್ರ ಸಿಕ್ಕಿಬಿಟ್ಟಿತು!

ಆ ಹಕ್ಕಿಯನ್ನು ಕೊಂಬೆಗೆ ಇಳಿಸಿದವರು ಮಗ ಪೂರ್ಣಚಂದ್ರ ತೇಜಸ್ವಿ. ನಡುವೆ ಒಂದು ಗಣತಿಯೂ ನಡೆದಿತ್ತು. 1939–40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿ ಪಟ್ಟಿ ಪ್ರಕಟಿಸಿದ್ದರು. ಆ ವಿದ್ಯೆ ಇಂಗ್ಲಿಷಿನಲ್ಲಿತ್ತು, ಹಕ್ಕಿಗಳು ಕನ್ನಡದ ಕಾಡಿನಲ್ಲಿದ್ದವು. ತೇಜಸ್ವಿ ಮೂಡಿಗೆರೆಯ ತೋಟದಲ್ಲಿ ಕೂತು ಎರಡನ್ನೂ ಸೇರಿಸಿದರು. ಮರೆ ಕಟ್ಟಿಕೊಂಡು, ಜಿಗಣೆ ಕಚ್ಚಿಸಿಕೊಂಡು, ಗಂಟೆಗಟ್ಟಲೆ ಕ್ಯಾಮರಾ ಹಿಡಿದು ಕಾಯುವುದು ಅವರ ಧ್ಯಾನ, ಅದಕ್ಕೆ ಶ್ಲೋಕವಿರಲಿಲ್ಲ. 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕ ಕೈಯಲ್ಲಿಟ್ಟುಕೊಂಡು ಹಿತ್ತಿಲ ಹಕ್ಕಿಗೆ ಹೆಸರು ಹುಡುಕಿದ ಒಂದು ತಲೆಮಾರೇ ಮಲೆನಾಡಿನಲ್ಲಿದೆ. ಅಪ್ಪನ ಹಕ್ಕಿ ಹಾರಿದರೆ ದರ್ಶನ. ಮಗನ ಹಕ್ಕಿ ಹಾರಿದರೆ ಫೋಟೊ ಕೆಟ್ಟಿತು, ಮತ್ತೆ ನಾಳೆ ಬೆಳಿಗ್ಗೆ ಕಾಯಬೇಕು. 2007ರ ಏಪ್ರಿಲ್ 5ರಂದು ತೇಜಸ್ವಿ ತೀರಿಕೊಂಡ ಹೊತ್ತಿಗೆ ಫಿಲ್ಮಿನ ಕ್ಯಾಮರಾವೂ ಕೊನೆಯುಸಿರು ಎಳೆಯುತ್ತಿತ್ತು.

ಈಗ ನರಸಿಂಹರಾಜಪುರದ ಕಡೆ ಭದ್ರಾ ಹಿನ್ನೀರಿನ ಅಂಚಿಗೆ ಹೋದರೆ ಮೊಳಕೈಯುದ್ದದ ಲೆನ್ಸುಗಳ ಸಾಲು ಕಾಣುತ್ತದೆ. ಲಕ್ಕವಳ್ಳಿಯ ಅಣೆಕಟ್ಟು 1960ರ ದಶಕದಲ್ಲಿ ಮುಗಿದು ನೀರು ನಿಂತಾಗ ಗದ್ದೆ, ತೋಟ, ಊರು ಮುಳುಗಿದವು, ಗುಡ್ಡದ ತಲೆಗಳು ನಡುಗಡ್ಡೆಗಳಾದವು. ಬೇಸಿಗೆಯಲ್ಲಿ ನೀರು ಇಳಿದು ಆ ಬೋಳು ತಲೆಗಳು ಮೇಲೆದ್ದಾಗ ನದಿ ರೀವಗಳು ಸಾವಿರಾರು ಬಂದು ಬರಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಹಳದಿ ಕೊಕ್ಕು, ಕರಿ ಟೋಪಿ, ಕವಲು ಬಾಲ. ಇವಕ್ಕೂ ಪುರಾಣವಿಲ್ಲ. ಜನ ಕಳೆದುಕೊಂಡ ನೆಲದ ಮೇಲೆ ಹಕ್ಕಿ ನೆಲೆ ನಿಂತಿದೆ. ಆಚೆ ದಡದ ಕಾಡು 1951ರಲ್ಲಿ ಜಾಗರ ಕಣಿವೆಯ ರಕ್ಷಿತಾರಣ್ಯವಾಗಿ, 1974ರಲ್ಲಿ ಹಿಗ್ಗಿ ಭದ್ರಾ ಅಭಯಾರಣ್ಯವಾಗಿ, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಅಲ್ಲಿಂದಲೂ ಊರುಗಳು ಎದ್ದು ಹೋದವು. ಹಕ್ಕಿಯ ಚಿತ್ರ ಎಷ್ಟು ಚೆನ್ನಾಗಿ ಬಂದರೂ ಚೌಕಟ್ಟಿನ ಕೆಳಗೆ ನೀರಿದೆ, ನೀರಿನ ಕೆಳಗೆ ಯಾರದೋ ಅಂಗಳವಿದೆ.

ಮೊನ್ನೆ ಕೊಪ್ಪದ ಕಡೆಯ ಒಂದು ಸಣ್ಣ ಊರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೆ ಅಂಗನವಾಡಿ, ಹೊಸದಾಗಿ ಬಣ್ಣ ಬಳಿದ ಗೋಡೆ. ಅದರ ಮೇಲೆ ಮಕ್ಕಳಿಗೆಂದು ಸಿಂಹ, ಜಿರಾಫೆ, ಮನ್ಸೂರನದಕ್ಕಿಂತ ದಪ್ಪ ಪಟ್ಟೆಯ ಒಂದು ಜೀಬ್ರಾ, ಮೂಲೆಯಲ್ಲಿ ಪೆಂಗ್ವಿನ್. ಕಿಟಕಿಯ ಮೇಲೆ ಗಿಳಿಯೂ ಇತ್ತು, ಕೆಂಪು ಕೊಕ್ಕಿನದು. ಅಂಗಳದಲ್ಲಿದ್ದ ಹುಡುಗಿಯೊಬ್ಬಳು ಆಟ ನಿಲ್ಲಿಸಿ ಕತ್ತೆತ್ತಿದಳು. ತಿದಿ ಒತ್ತಿದ ಸದ್ದು ನನಗೂ ಕೇಳಿತು. ನಾನು ತಲೆಯೆತ್ತುವಷ್ಟರಲ್ಲಿ ಅದು ಅಡಿಕೆ ತೋಟ ದಾಟಿ ಹೋಗಿತ್ತು.

"ಏನದು?" ಎಂದೆ.

"ಮಂಗಟ್ಟೆ," ಎಂದಳು, ಅಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ.